ಅರಸೀಕೆರೆಯಿಂದ ಹೊರಟು ದೇಶ ಸುತ್ತಿ ಅರಸೀಕೆರೆಗೇ ವಾಪಸ್: ಒಂದೇ ರೈಲು ಟಿಕೆಟ್‌ನಲ್ಲಿ ಹೋಗಿಬರೋದು ಹೇಗೆ?

ಬಾಣಾವರ: ಮಕ್ಕಳ ಮದುವೆ ಮುಗೀತು, ಅಂಗಡಿ ನೋಡ್ಕೊಳ್ಳೋಕೆ ಮಗ ಬಂದ, ಇನ್ನು ಒಂದ್ಸಲ ಕಾಶಿ, ಅಯೋಧ್ಯೆ, ಪುರಿ, ದೆಹಲಿ ಎಲ್ಲಾ ನೋಡ್ಕೊಂಡು ಬರೋಣ ಅಂತ ಲೆಕ್ಕ ಹಾಕುವ ಹಿರಿಯರು ಬಾಣಾವರ ಹೋಬಳಿಯಲ್ಲಿ ಬಹಳ ಮಂದಿ ಇದ್ದಾರೆ. ಟೂರ್ ಬಸ್ಸಿನಲ್ಲಿ ಇಪ್ಪತ್ತು ದಿನ ಕೂರೋಕೆ ಸೊಂಟ ಒಪ್ಪಲ್ಲ. ವಿಮಾನಕ್ಕೆ ಕಾಸು ಜಾಸ್ತಿ. ಉಳಿಯೋದು ರೈಲು. ಆಗ ಬರೋ ಮೊದಲ ಪ್ರಶ್ನೆ ಒಂದೇ: ‘ರೈಲಿಗೆ ಪಾಸ್ ಇದೆಯಂತಲ್ಲ, ಒಂದೇ ಸಲ ತಗೊಂಡ್ರೆ ಎಲ್ಲಾ ಕಡೆ ಓಡಾಡಬಹುದಂತೆ, ಹೌದಾ?’

ಪಾಸ್ ಇಲ್ಲ. ಆದರೆ ಪಾಸಿಗೆ ಹತ್ತಿರದ ಒಂದು ಟಿಕೆಟ್ ಇದೆ. ಅದರ ಹೆಸರು ಸರ್ಕ್ಯುಲರ್ ಜರ್ನಿ ಟಿಕೆಟ್. ಕನ್ನಡದಲ್ಲಿ ವೃತ್ತಾಕಾರ ಪ್ರಯಾಣ ಟಿಕೆಟ್ ಅಂತಾರೆ. ಮೊಬೈಲ್‌ನಲ್ಲಿ ಸಿಗಲ್ಲ, ಏಜೆಂಟರು ಸಾಮಾನ್ಯವಾಗಿ ಹೇಳಲ್ಲ. ಹಾಗಾಗಿ ಗೊತ್ತಿರುವವರು ಕಡಿಮೆ. ಇದನ್ನು ಪಡೆಯೋದು ಹೇಗೆ, ಎಲ್ಲಿ ಎಡವುತ್ತಾರೆ, ಯಾರಿಗೆ ಇದು ಬೇಡ ಅನ್ನೋದು ಇಲ್ಲಿದೆ.

ಪಾಸ್ ಅಂದ್ರೆ ಯಾವುದು, ಏನು ಗೊಂದಲ?

ಜನ ‘ಪಾಸ್’ ಅನ್ನೋದು ಮೂರು ಬೇರೆ ಬೇರೆ ವಸ್ತುಗಳಿಗೆ.

ಒಂದು, ಅರಸೀಕೆರೆಗೋ ತಿಪಟೂರಿಗೋ ದಿನಾ ಓಡಾಡುವವರು ತಗೊಳ್ಳೋ ತಿಂಗಳ ಪಾಸ್. ಅದು ಸೀಸನ್ ಟಿಕೆಟ್. 150 ಕಿ.ಮೀ. ಒಳಗಿನ ಎರಡು ನಿಲ್ದಾಣಗಳ ಮಧ್ಯೆ ಮಾತ್ರ. ರಿಸರ್ವೇಶನ್ ಬೋಗಿಗೆ ಅದನ್ನು ಹಿಡ್ಕೊಂಡು ಹತ್ತೋ ಹಾಗಿಲ್ಲ.

ಎರಡು, ರೈಲ್ವೆ ನೌಕರರಿಗೆ ಇಲಾಖೆ ಕೊಡೋ ಪಾಸ್. ಅದು ಹೊರಗಿನವರಿಗೆ ಸಂಬಂಧಿಸಿದ್ದಲ್ಲ.

ಮೂರು, ಇಂಡ್‌ರೈಲ್ ಪಾಸ್. ಇಷ್ಟು ದಿನಕ್ಕೆ ಇಷ್ಟು ಹಣ ಕಟ್ಟಿದ್ರೆ ದೇಶವೆಲ್ಲಾ ಓಡಾಡಬಹುದಾಗಿದ್ದ ನಿಜವಾದ ಪಾಸ್ ಅದೇ. ಆದರೆ ಅದು ವಿದೇಶಿಯರಿಗೆ ಮತ್ತು ಅನಿವಾಸಿ ಭಾರತೀಯರಿಗೆ ಮಾತ್ರ ಇತ್ತು. 2017ರಲ್ಲಿ ಅದನ್ನೂ ನಿಲ್ಲಿಸಿದರು. ಯುರೋಪಿನಲ್ಲಿ ಯುರೇಲ್, ಜಪಾನಿನಲ್ಲಿ ಜೆಆರ್ ಪಾಸ್ ಇವತ್ತಿಗೂ ಇವೆ. ಹೊರದೇಶದಲ್ಲಿರುವ ಮಗ ಮಗಳು ‘ಪಾಸ್ ತಗೊಳ್ಳಿ ಅಪ್ಪ’ ಅಂತ ಫೋನಲ್ಲಿ ಹೇಳೋದು ಅದನ್ನು ನೋಡಿಯೇ. ಇಲ್ಲಿ ಆ ಪದ್ಧತಿ ಈಗ ಇಲ್ಲ.

ಸರ್ಕ್ಯುಲರ್ ಟಿಕೆಟ್ ಅಂದ್ರೆ ಏನು?

ಹೊರಟ ನಿಲ್ದಾಣಕ್ಕೇ ವಾಪಸ್ ಬಂದು ಮುಗಿಯುವ, ಹೋದ ದಾರಿಯಲ್ಲೇ ತಿರುಗಿ ಬಾರದ ಪ್ರಯಾಣಕ್ಕೆ ಕೊಡುವ ಒಂದೇ ಟಿಕೆಟ್ ಇದು. ಮುಖ್ಯ ಅಂಶಗಳು ಇಷ್ಟು:

• ಎಲ್ಲಾ ದರ್ಜೆಗೂ ಸಿಗುತ್ತದೆ. ಸ್ಲೀಪರ್ ಬೇಕೋ ಎಸಿ ಬೇಕೋ ಮೊದಲೇ ಹೇಳಬೇಕು.
• ದಾರಿಯಲ್ಲಿ ಹೆಚ್ಚೆಂದರೆ 8 ಕಡೆ ಇಳಿದು ಉಳಿಯಬಹುದು. ಇದಕ್ಕೆ ಬ್ರೇಕ್ ಜರ್ನಿ ಅಂತಾರೆ. ಜಂಕ್ಷನ್‌ನಲ್ಲಿ ಮುಂದಿನ ರೈಲಿಗೆ ಅಂತ 24 ಗಂಟೆಯೊಳಗೆ ಕಾಯೋದು ಬ್ರೇಕ್ ಲೆಕ್ಕಕ್ಕೆ ಬರಲ್ಲ.
• ಅವಧಿಯ ಲೆಕ್ಕ: ಪ್ರಯಾಣಕ್ಕೆ ಪ್ರತಿ 400 ಕಿ.ಮೀ.ಗೆ ಒಂದು ದಿನ, ಉಳಿಯೋದಕ್ಕೆ ಪ್ರತಿ 200 ಕಿ.ಮೀ.ಗೆ ಒಂದು ದಿನ.
• ದರದ ಲೆಕ್ಕ: ಒಟ್ಟು ದೂರವನ್ನು ಎರಡು ಸಮಭಾಗ ಮಾಡಿ, ಅಷ್ಟು ಉದ್ದದ ಎರಡು ಪ್ರಯಾಣದ ದರ ಹಾಕ್ತಾರೆ.

ಇದರಲ್ಲಿ ಲಾಭ ಎಲ್ಲಿದೆ? ರೈಲ್ವೆ ದರ ದೂರ ಜಾಸ್ತಿ ಆದಷ್ಟೂ ಕಿಲೋಮೀಟರ್ ಲೆಕ್ಕದಲ್ಲಿ ಇಳಿಯುತ್ತಾ ಹೋಗುತ್ತದೆ. ಕೊಬ್ಬರಿಯನ್ನು ಚಿಲ್ಲರೆ ಕೊಂಡಾಗ ಒಂದು ರೇಟು, ಮೂಟೆ ಲೆಕ್ಕದಲ್ಲಿ ಕೊಂಡಾಗ ಇನ್ನೊಂದು ರೇಟು ಇದ್ದ ಹಾಗೆ. ಒಂಬತ್ತು ತುಂಡು ಟಿಕೆಟ್ ತಗೊಂಡ್ರೆ ಒಂಬತ್ತು ಸಲವೂ ಚಿಲ್ಲರೆ ರೇಟು. ಸರ್ಕ್ಯುಲರ್ ಟಿಕೆಟ್‌ನಲ್ಲಿ 6,000 ಕಿ.ಮೀ. ಸುತ್ತಿದ್ರೆ 3,000 ಕಿ.ಮೀ.ಯ ಎರಡೇ ಟಿಕೆಟ್ ತಗೊಂಡ ಲೆಕ್ಕ.

ಬಾಣಾವರದವರಿಗೆ ಒಂದು ಅನುಕೂಲ, ಒಂದು ತೊಡಕು

ಅನುಕೂಲ ಏನಂದ್ರೆ, ಊರು ಇರೋದು ಬೆಂಗಳೂರು–ಹುಬ್ಬಳ್ಳಿ ಮುಖ್ಯ ಮಾರ್ಗದ ಮೇಲೆ. ಹುಬ್ಬಳ್ಳಿ ಕಡೆಯಿಂದ ಉತ್ತರಕ್ಕೆ ಹೋಗಿ, ಪೂರ್ವ ಕರಾವಳಿ ಹಿಡಿದು ಚೆನ್ನೈ, ಬೆಂಗಳೂರು, ತುಮಕೂರು, ತಿಪಟೂರು ಮೇಲೆ ವಾಪಸ್ ಬರಬಹುದು. ಒಂದು ಹಳಿಯನ್ನೂ ಎರಡು ಸಲ ತುಳಿಯದೆ ಸುತ್ತು ಮುಗಿಯುತ್ತದೆ.

ತೊಡಕು ಏನಂದ್ರೆ, ದೂರದ ಎಕ್ಸ್‌ಪ್ರೆಸ್ ರೈಲುಗಳನ್ನು ಇಲ್ಲಿನವರು ಹೆಚ್ಚಾಗಿ ಹತ್ತೋದು ಅರಸೀಕೆರೆಯಲ್ಲಿ. ಬಾಣಾವರದಿಂದಲೇ ಟಿಕೆಟ್ ಬರೆಸಿ ಅರಸೀಕೆರೆಗೆ ಹೋಗಿ ಹುಬ್ಬಳ್ಳಿ ರೈಲು ಹತ್ತಿದ್ರೆ, ಆ ರೈಲು ಮತ್ತೆ ಬಾಣಾವರದ ಮೇಲೇ ಹೋಗುತ್ತದೆ. ಅಲ್ಲಿಗೆ ಅಷ್ಟು ದಾರಿ ಎರಡು ಸಲ ಆಯ್ತು, ಸುತ್ತು ಕೆಟ್ಟಿತು. ಅದಕ್ಕೆ ಟಿಕೆಟ್ ಅರಸೀಕೆರೆಯಿಂದ ಅರಸೀಕೆರೆಗೆ ಬರೆಸೋದು ಸರಿ. ಊರಿಂದ ಅರಸೀಕೆರೆಗೆ ಬಸ್ಸೋ ಪ್ಯಾಸೆಂಜರ್ ರೈಲೋ ಬೇರೆ ಮಾಡ್ಕೊಳ್ಳಿ.

ಮಾದರಿ ಸುತ್ತು: 24 ದಿನ, 8 ನಿಲುಗಡೆ

ಫೆಬ್ರುವರಿ 10ಕ್ಕೆ ಹೊರಟರೆ ಹೀಗೆ ಹಾಕಬಹುದು:

1. ಫೆ. 10 – ಅರಸೀಕೆರೆಯಿಂದ ಹುಬ್ಬಳ್ಳಿ, ಬೆಳಗಾವಿ, ಮಿರಜ್ ಮೇಲೆ ಪುಣೆ. 11, 12 ಅಲ್ಲಿ.
2. ಫೆ. 13 – ಪುಣೆಯಿಂದ ಮನ್ಮಾಡ್, ಭೂಸಾವಳ್, ಭೋಪಾಲ್, ಆಗ್ರಾ ಮೇಲೆ ಮಥುರಾ. 14, 15 ಮಥುರಾ–ವೃಂದಾವನ.
3. ಫೆ. 16 – ಮಥುರಾದಿಂದ ದೆಹಲಿ. 18ರವರೆಗೆ ದೆಹಲಿ.
4. ಫೆ. 18 ರಾತ್ರಿ – ದೆಹಲಿಯಿಂದ ಲಖನೌ ಮೇಲೆ ಅಯೋಧ್ಯೆ. 19, 20 ಅಲ್ಲಿ.
5. ಫೆ. 21 – ಅಯೋಧ್ಯೆಯಿಂದ ವಾರಾಣಸಿ. 23ರವರೆಗೆ ಕಾಶಿ.
6. ಫೆ. 24 – ವಾರಾಣಸಿಯಿಂದ ಗಯಾ ಮೇಲೆ ಹೌರಾ. 25, 26 ಕೋಲ್ಕತ್ತಾ.
7. ಫೆ. 26 ರಾತ್ರಿ – ಹೌರಾದಿಂದ ಖುರ್ದಾ ರೋಡ್. 27, 28 ಪುರಿ.
8. ಮಾ. 1 – ಖುರ್ದಾ ರೋಡ್‌ನಿಂದ ವಿಶಾಖಪಟ್ಟಣ, ವಿಜಯವಾಡ ಮೇಲೆ ಚೆನ್ನೈ. 2, 3 ಅಲ್ಲಿ.
9. ಮಾ. 4 – ಚೆನ್ನೈನಿಂದ ಬೆಂಗಳೂರು, ಅಲ್ಲಿ ರೈಲು ಬದಲಿಸಿ ಅರಸೀಕೆರೆ. 4ರ ರಾತ್ರಿ ತಪ್ಪಿದ್ರೆ 5ರ ಬೆಳಿಗ್ಗೆ ಮನೆ.

ಒಟ್ಟು ದೂರ ಸುಮಾರು 6,000 ಕಿ.ಮೀ. ಅವಧಿ ಲೆಕ್ಕ ಹಾಕಿದ್ರೆ ಪ್ರಯಾಣಕ್ಕೆ 15 ದಿನ, ಉಳಿಯೋಕೆ 30 ದಿನ, ಒಟ್ಟು 45 ದಿನ. 24 ದಿನದ ಸುತ್ತು ಅದರೊಳಗೆ ಆರಾಮಾಗಿ ಕೂರುತ್ತದೆ. ನಿಖರ ಕಿಲೋಮೀಟರ್ ಮತ್ತು ಅವಧಿಯನ್ನು ರೈಲ್ವೆಯವರೇ ಲೆಕ್ಕ ಹಾಕಿ ಕೊಡ್ತಾರೆ.

ಪುರಿ, ಹರಿದ್ವಾರ, ರಾಮೇಶ್ವರ: ಇಲ್ಲೇ ಹೆಚ್ಚಿನವರ ಪ್ಲಾನ್ ಕೆಡೋದು

ಮೇಲಿನ ಪಟ್ಟಿಯಲ್ಲಿ ಪುರಿ ಅಂತ ಬರೆಯದೆ ಖುರ್ದಾ ರೋಡ್ ಅಂತ ಬರೆದಿರೋದಕ್ಕೆ ಕಾರಣ ಇದೆ. ಪುರಿಗೆ ಹೋಗೋ ಹಳಿ ಖುರ್ದಾ ರೋಡ್‌ನಿಂದ ಕವಲೊಡೆದು ಪುರಿಯಲ್ಲಿ ಮುಗಿಯುತ್ತದೆ. ಹೋದ ದಾರಿಯಲ್ಲೇ ವಾಪಸ್ ಬರಬೇಕು. ಸರ್ಕ್ಯುಲರ್ ಟಿಕೆಟ್‌ಗೆ ಅದು ಹೊಂದಲ್ಲ. ಖುರ್ದಾ ರೋಡ್‌ನಲ್ಲಿ ಬ್ರೇಕ್ ಹಾಕ್ಕೊಂಡು, ಅಲ್ಲಿಂದ ಪುರಿಗೆ ಹೋಗಿಬರೋಕೆ ಬೇರೆ ಟಿಕೆಟ್ ತಗೊಂಡ್ರೆ ಆಯ್ತು.

ಹರಿದ್ವಾರದ್ದೂ ಇದೇ ಕಥೆ, ಲಕ್ಸರ್ ಜಂಕ್ಷನ್‌ನಿಂದ ಹೋಗಿ ಅಲ್ಲಿಗೇ ಬರಬೇಕು. ರಾಮೇಶ್ವರದ ಹಳಿಯೂ ಸಮುದ್ರದ ಹತ್ತಿರ ಮುಗಿಯುತ್ತದೆ, ವಾಪಸ್ ಮಾನಾಮದುರೈಗೇ ಬರಬೇಕು. ಇಂಥ ಊರುಗಳಿದ್ದರೆ ಹತ್ತಿರದ ಜಂಕ್ಷನ್ ಹೆಸರು ಬರೆಸಿ, ಮಿಕ್ಕಿದ್ದು ಬೇರೆ ಟಿಕೆಟ್ ಮಾಡಿ.

ಅರ್ಜಿ ಎಲ್ಲಿ, ಹೇಗೆ?

ಅರಸೀಕೆರೆ, ಬಾಣಾವರ ಎರಡೂ ನೈರುತ್ಯ ರೈಲ್ವೆಯ ಮೈಸೂರು ವಿಭಾಗಕ್ಕೆ ಸೇರಿವೆ. ಸರ್ಕ್ಯುಲರ್ ಟಿಕೆಟ್‌ನ ಲೆಕ್ಕ ಹಾಕಿ ಒಪ್ಪಿಗೆ ಕೊಡೋದು ವಿಭಾಗದ ವಾಣಿಜ್ಯ ವ್ಯವಸ್ಥಾಪಕರ ಕಚೇರಿ. ಕೆಲವು ದೊಡ್ಡ ನಿಲ್ದಾಣಗಳ ಮುಖ್ಯಸ್ಥರಿಗೂ ಈ ಅಧಿಕಾರ ಇರುತ್ತದೆ. ಮೊದಲು ಅರಸೀಕೆರೆ ಜಂಕ್ಷನ್‌ನಲ್ಲಿ ವಿಚಾರಿಸಿ. ಅಲ್ಲಿ ಆಗಲಿಲ್ಲ ಅಂದ್ರೆ ಮೈಸೂರಿನ ವಿಭಾಗೀಯ ಕಚೇರಿ. ಹಾಸನದ ಮೇಲೆ ಮೈಸೂರಿಗೆ ನೇರ ರೈಲು ಇರೋದ್ರಿಂದ ಒಂದು ದಿನದ ಕೆಲಸ.

ಬಿಳಿ ಹಾಳೆಯಲ್ಲಿ ಈ ವಿವರ ಬರೆದುಕೊಂಡು ಹೋಗಿ:

• ಪ್ರಯಾಣಿಕರ ಹೆಸರು, ವಯಸ್ಸು, ಎಷ್ಟು ಜನ
• ಯಾವ ದರ್ಜೆ
• ಹೊರಡುವ ನಿಲ್ದಾಣ, ದಿನಾಂಕ
• ಇಳಿಯುವ ಪ್ರತಿ ನಿಲ್ದಾಣ, ಯಾವ ಊರಿನ ಮೇಲೆ ಹೋಗುವುದು, ಎಷ್ಟು ದಿನ ಉಳಿಯುವುದು

‘ಮೇಲೆ ಹೋಗುವುದು’ ಅನ್ನೋದು ಬಹಳ ಮುಖ್ಯ. ಪುಣೆಯಿಂದ ಮಥುರಾಕ್ಕೆ ಭೋಪಾಲ್ ಮೇಲೂ ಹೋಗಬಹುದು, ಗುಜರಾತಿನ ಮೇಲೆ ಕೋಟಾ ಮಾರ್ಗವಾಗಿಯೂ ಹೋಗಬಹುದು. ಟಿಕೆಟ್‌ನಲ್ಲಿ ಒಂದು ದಾರಿ ಬರೆಸಿ ಇನ್ನೊಂದು ದಾರಿಯ ರೈಲು ಹತ್ತಿದ್ರೆ ಟಿಟಿಇ ಜೊತೆ ವಾದ ಗ್ಯಾರಂಟಿ.

ಕಚೇರಿಯವರು ದರ ಲೆಕ್ಕ ಹಾಕಿ ನಮೂನೆಯಲ್ಲಿ ಬರೆದು ಕೊಟ್ಟ ಮೇಲೆ, ಹೊರಡುವ ನಿಲ್ದಾಣದ ಬುಕಿಂಗ್ ಕೌಂಟರ್‌ನಲ್ಲಿ ಹಣ ಕಟ್ಟಿ ಟಿಕೆಟ್ ತಗೋಬೇಕು. ವಲಯ ರೈಲ್ವೆಗಳು ಜನಪ್ರಿಯ ಸ್ಥಳಗಳಿಗೆ ತಾವೇ ಸಿದ್ಧ ಮಾಡಿದ ಸ್ಟ್ಯಾಂಡರ್ಡ್ ಸರ್ಕ್ಯುಲರ್ ಟಿಕೆಟ್‌ಗಳನ್ನೂ ಇಟ್ಟಿರುತ್ತವೆ. ಅದು ನಿಮ್ಮ ದಾರಿಗೆ ಹೊಂದಿದ್ರೆ ಕೆಲಸ ಇನ್ನೂ ಸಲೀಸು. ಅದನ್ನೂ ಕೇಳಿ ನೋಡಿ.

ಟಿಕೆಟ್ ಬೇರೆ, ಬರ್ತ್ ಬೇರೆ

ಇದು ಅರ್ಥ ಆಗದೆ ತೊಂದರೆ ಪಡುವವರೇ ಹೆಚ್ಚು. ಸರ್ಕ್ಯುಲರ್ ಟಿಕೆಟ್ ಕೈಗೆ ಬಂತು ಅಂದ್ರೆ ಪ್ರಯಾಣದ ಹಕ್ಕು ಸಿಕ್ಕಿತು ಅಷ್ಟೇ. ಮಲಗೋಕೆ ಬರ್ತ್ ಸಿಕ್ಕಿಲ್ಲ. ಆ ಟಿಕೆಟ್ ತೋರಿಸಿ, ರಿಸರ್ವೇಶನ್ ಕೌಂಟರ್‌ನಲ್ಲಿ ಒಂದೊಂದು ರೈಲಿಗೂ ಬೇರೆ ಬೇರೆ ಬುಕ್ ಮಾಡಿಸಬೇಕು.

ರಿಸರ್ವೇಶನ್ ಶುಲ್ಕ ಪ್ರತಿ ರೈಲಿಗೂ ಬೇರೆ: ಸ್ಲೀಪರ್‌ಗೆ ₹20, ತ್ರೀ ಟಯರ್ ಎಸಿಗೆ ₹40, ಟೂ ಟಯರ್ ಎಸಿಗೆ ₹50. ರೈಲು ಸೂಪರ್‌ಫಾಸ್ಟ್ ಆಗಿದ್ರೆ ಸ್ಲೀಪರ್‌ಗೆ ಇನ್ನೂ ₹30, ಎರಡೂ ಎಸಿಗೆ ₹45. ಮೇಲಿನ ಸುತ್ತಿನಲ್ಲಿ 10 ರೈಲು ಅಂದುಕೊಳ್ಳಿ. ಎಲ್ಲವೂ ಸೂಪರ್‌ಫಾಸ್ಟ್ ಆದರೂ ಸ್ಲೀಪರ್‌ನಲ್ಲಿ ಒಬ್ಬರಿಗೆ ಇದರ ಬಾಬ್ತು ₹500 ದಾಟಲ್ಲ. ರಾಜಧಾನಿ, ಶತಾಬ್ದಿ, ದುರಂತೋ, ವಂದೇ ಭಾರತ್ ಥರದ ರೈಲುಗಳ ದರದ ಲೆಕ್ಕವೇ ಬೇರೆ. ಅವನ್ನು ಈ ಪ್ಲಾನ್‌ಗೆ ಸೇರಿಸಬೇಡಿ.

60 ದಿನದ ಲೆಕ್ಕ

ಮೊದಲು ನಾಲ್ಕು ತಿಂಗಳು ಮುಂಚೆ ರಿಸರ್ವೇಶನ್ ಸಿಗ್ತಿತ್ತು. 2024ರ ನವೆಂಬರ್ 1ರಿಂದ ಅದು 60 ದಿನಕ್ಕೆ ಇಳಿದಿದೆ. ಹೊರಡೋ ದಿನವನ್ನು ಬಿಟ್ಟು 60 ದಿನ. ಬೆಳಿಗ್ಗೆ 8ಕ್ಕೆ ಬುಕಿಂಗ್ ತೆರೆಯುತ್ತದೆ.

ಫೆಬ್ರುವರಿ 10ರ ರೈಲಿಗೆ ಡಿಸೆಂಬರ್ 12ಕ್ಕೆ ಬುಕಿಂಗ್ ಶುರು. ಆದರೆ ಕೊನೆಯ ಮಾರ್ಚ್ 4ರ ರೈಲಿಗೆ ಶುರುವಾಗೋದು ಜನವರಿ 3ಕ್ಕೆ, ಫೆಬ್ರುವರಿಯಲ್ಲಿ 28 ದಿನ ಇರೋ ವರ್ಷದಲ್ಲಿ. ಅಂದ್ರೆ ಒಂದೇ ದಿನ ಕೌಂಟರ್‌ಗೆ ಹೋಗಿ ಎಲ್ಲಾ ಮುಗಿಸ್ಕೊಂಡು ಬರೋಕೆ ಆಗಲ್ಲ. ಮೂರು ವಾರದಲ್ಲಿ ಹಲವು ಸಲ ಓಡಾಡಬೇಕು. ಎರಡು ಮೂರು ರೈಲನ್ನು ಒಟ್ಟಿಗೆ ಸೇರಿಸಿ ಮಾಡಿಸಿದ್ರೆ ಓಡಾಟ ಕಡಿಮೆ. ವಾರಾಣಸಿ ಮತ್ತು ಹೌರಾ ಕಡೆಯ ರೈಲುಗಳನ್ನು ಮಾತ್ರ ತೆರೆದ ದಿನವೇ ಮಾಡಿಸಿ.

ಟಿಕೆಟ್ ಕೈಯಲ್ಲಿ ಇಲ್ಲದೆ ಬರ್ತ್ ಬುಕ್ ಆಗಲ್ಲ. ಆದ್ದರಿಂದ ಅರ್ಜಿಯ ಕೆಲಸ ನವೆಂಬರ್ ಕೊನೆಯೊಳಗೆ ಮುಗಿದಿರಬೇಕು.

ವೇಟಿಂಗ್ ಲಿಸ್ಟ್‌ನಲ್ಲಿ ಉಳಿದ್ರೆ ರಿಸರ್ವೇಶನ್ ಬೋಗಿ ಹತ್ತೋ ಹಾಗಿಲ್ಲ. ಕೌಂಟರ್ ಟಿಕೆಟ್ ಆದರೂ ಅಷ್ಟೆ, ‘ಹೇಗೋ ಹೊಂದಿಸ್ಕೊಳ್ಳೋಣ’ ಅನ್ನೋ ಕಾಲ ಹೋಯ್ತು. ಆಗ ಆ ಒಂದು ರೈಲಿಗೆ ಬೇರೆ ತತ್ಕಾಲ್ ಟಿಕೆಟ್ ತಗೊಳ್ಳೋದೇ ದಾರಿ. ರೈಲು ಹೊರಡುವ ಹಿಂದಿನ ದಿನ ಎಸಿಗೆ ಬೆಳಿಗ್ಗೆ 10, ಸ್ಲೀಪರ್‌ಗೆ 11 ಗಂಟೆಗೆ ತೆರೆಯುತ್ತದೆ. 2025ರ ಜುಲೈನಿಂದ ತತ್ಕಾಲ್‌ಗೆ ಆಧಾರ್ ಮತ್ತು ಮೊಬೈಲ್ ಒಟಿಪಿ ಬೇಕು. ಹಾಗಾಗಿ ಊರಿನ ಮಗನ ನಂಬರ್ ಕೊಟ್ಟು ನೀವು ಕಾಶಿ ಕೌಂಟರ್‌ನಲ್ಲಿ ನಿಂತ್ರೆ ಕಷ್ಟ. ನಿಮ್ಮ ಕೈಯಲ್ಲಿರೋ ಫೋನ್ ನಂಬರೇ ಕೊಡಿ.

ಹಿರಿಯರ ರಿಯಾಯಿತಿ ಈಗಿಲ್ಲ

ಪುರುಷರಿಗೆ 60 ದಾಟಿದ್ರೆ ಶೇ 40, ಮಹಿಳೆಯರಿಗೆ 58 ದಾಟಿದ್ರೆ ಶೇ 50 ರಿಯಾಯಿತಿ ಇತ್ತು. ಕೋವಿಡ್ ಸಮಯದಲ್ಲಿ, 2020ರ ಮಾರ್ಚ್‌ನಲ್ಲಿ ಅದನ್ನು ನಿಲ್ಲಿಸಿದರು. ಹಳೇ ನೆನಪಲ್ಲಿ ಅರ್ಧ ದುಡ್ಡು ಲೆಕ್ಕ ಹಾಕ್ಕೊಂಡು ಕೌಂಟರ್‌ಗೆ ಹೋಗಿ ವಾಪಸ್ ಬರಬೇಡಿ. ಪೂರ್ತಿ ದರ ಇಟ್ಕೊಂಡೇ ಬಜೆಟ್ ಮಾಡಿ.

ಲೋವರ್ ಬರ್ತ್ ಕೋಟಾ ಮಾತ್ರ ಇದೆ. ಪುರುಷರಿಗೆ 60, ಮಹಿಳೆಯರಿಗೆ 45 ವರ್ಷ ಆಗಿದ್ರೆ ಅನ್ವಯ. ಮಂಡಿ ನೋವಿನವರು ಫಾರಂನಲ್ಲಿ ವಯಸ್ಸು ಸರಿಯಾಗಿ ಬರೆದು, ಲೋವರ್ ಬೇಕು ಅಂತ ಗುರುತು ಹಾಕಿ. ಹತ್ತು ಜನರನ್ನು ಒಂದೇ ಗುಂಪಾಗಿ ಮಾಡಿಸೋಕಿಂತ ಇಬ್ಬಿಬ್ಬರು ಹಿರಿಯರ ಫಾರಂ ಬೇರೆ ಮಾಡಿದ್ರೆ ಲೋವರ್ ಸಿಗೋ ಸಾಧ್ಯತೆ ಹೆಚ್ಚು.

ಯಾವಾಗ ಹೋಗಬಾರದು?

ಡಿಸೆಂಬರ್ ಕೊನೆ ಮತ್ತು ಜನವರಿಯಲ್ಲಿ ಉತ್ತರದಲ್ಲಿ ಮಂಜು. ರೈಲುಗಳು ಗಂಟೆಗಟ್ಟಲೆ ತಡ ಆಗ್ತವೆ, ಕೆಲವು ರದ್ದಾಗ್ತವೆ. ದೀಪಾವಳಿ ಆದ ತಕ್ಷಣ ಛಠ್ ಹಬ್ಬಕ್ಕೆ ಬಿಹಾರ, ಉತ್ತರ ಪ್ರದೇಶದ ಕಡೆ ಕಾಲಿಡೋಕೆ ಜಾಗ ಇರಲ್ಲ. ಹೋಳಿಯ ಹಿಂದೆ ಮುಂದೆಯೂ ಹಾಗೇ. ಏಪ್ರಿಲ್‌ನಿಂದ ಜೂನ್ ಸ್ಲೀಪರ್ ಬೋಗಿಯ ಬಿಸಿಲು ಹಿರಿಯರಿಗೆ ಆಗಲ್ಲ. ಹಾಗಾಗಿ ಫೆಬ್ರುವರಿ ವಾಸಿ. ಹೋಳಿ ಯಾವತ್ತು ಅಂತ ಕ್ಯಾಲೆಂಡರ್ ನೋಡಿ ದಿನ ಹಿಂದೆ ಮುಂದೆ ಮಾಡ್ಕೊಳ್ಳಿ.

ಅಂಗಡಿಯವರು ಇನ್ನೊಂದು ನೋಡಬೇಕು. ತಿಂಗಳ ಜಿಎಸ್‌ಟಿ ರಿಟರ್ನ್ ಇರುವವರಿಗೆ 11 ಮತ್ತು 20ನೇ ತಾರೀಖು ತಪ್ಪಲ್ಲ. ಮೇಲಿನ ಸುತ್ತಿನಲ್ಲಿ ಎರಡೂ ದಿನ ನೀವು ಊರಲ್ಲಿ ಇರಲ್ಲ. ಬಿಲ್ಲುಗಳನ್ನು ಮೊದಲೇ ಆಡಿಟರ್ ಕೈಗೆ ಕೊಟ್ಟು, ಒಟಿಪಿ ಯಾರ ಫೋನಿಗೆ ಬರುತ್ತೆ ಅಂತ ಮಾತಾಡಿ ಹೊರಡಿ. ಮಾರ್ಚ್ 31ರ ವರ್ಷದ ಲೆಕ್ಕಕ್ಕೆ ಮೊದಲು ಮನೆ ಸೇರೋ ಹಾಗಿರಲಿ.

ದಾರಿಯಲ್ಲಿ ನೆನಪಿಡಬೇಕಾದ್ದು

• ರಾತ್ರಿ 12ರ ಲೆಕ್ಕ: ರೈಲು ರಾತ್ರಿ 12.20ಕ್ಕೆ ಅಂದ್ರೆ ದಿನಾಂಕ ಬದಲಾಗಿರುತ್ತದೆ. 19ನೇ ತಾರೀಖಿನ ಟಿಕೆಟ್ ಅಂದ್ರೆ 18ರ ರಾತ್ರಿ ಊಟ ಮುಗಿಸಿ ನಿಲ್ದಾಣದಲ್ಲಿ ಇರಬೇಕು.
• ನಿಲ್ದಾಣದ ಹೆಸರು: ಮೊಘಲ್‌ಸರಾಯ್ ಈಗ ಪಂಡಿತ್ ದೀನ್ ದಯಾಳ್ ಉಪಾಧ್ಯಾಯ ಜಂಕ್ಷನ್. ಫೈಜಾಬಾದ್ ಈಗ ಅಯೋಧ್ಯಾ ಕ್ಯಾಂಟ್. ಮಂದಿರಕ್ಕೆ ಹತ್ತಿರದ್ದು ಅಯೋಧ್ಯಾ ಧಾಮ್.
• ಒಂದು ಊರು, ಹಲವು ನಿಲ್ದಾಣ: ದೆಹಲಿಯಲ್ಲಿ ನ್ಯೂ ಡೆಲ್ಲಿ, ಹಳೇ ಡೆಲ್ಲಿ, ನಿಜಾಮುದ್ದೀನ್, ಆನಂದ್ ವಿಹಾರ್. ಬೆಂಗಳೂರಿನಲ್ಲಿ ಮೆಜೆಸ್ಟಿಕ್‌ನ ಕೆಎಸ್‌ಆರ್, ಯಶವಂತಪುರ, ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್. ಇಳಿಯೋದು ಎಲ್ಲಿ, ಹತ್ತೋದು ಎಲ್ಲಿ ಅಂತ ಚೀಟಿಯಲ್ಲಿ ಬರೆದಿಡಿ.
• ಲಗೇಜು: ಸ್ಲೀಪರ್ ಮತ್ತು ತ್ರೀ ಟಯರ್ ಎಸಿಯಲ್ಲಿ ಒಬ್ಬರಿಗೆ 40 ಕೆ.ಜಿ. ಉಚಿತ. ಕ್ಲೋಕ್ ರೂಮಿನಲ್ಲಿ ಇಡಬೇಕಾದ್ರೆ ಬ್ಯಾಗಿಗೆ ಬೀಗ ಇರಲೇಬೇಕು.
• ಮೂಲ ಟಿಕೆಟ್: ಸರ್ಕ್ಯುಲರ್ ಟಿಕೆಟ್ ಕಾಗದದ್ದು, ಕಳೆದರೆ ದೊಡ್ಡ ತಲೆನೋವು. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಫೋಟೊ ತೆಗೆದು ಮನೆಗೂ ಕಳಿಸಿ. ಹೊರಡೋ ಮುಂಚೆ ಟಿಕೆಟ್ ಮೇಲೆ ಸಹಿ ಅಥವಾ ಹೆಬ್ಬೆಟ್ಟು ಹಾಕಿ.
• ಒಂದು ರೈಲು ತಪ್ಪಿದ್ರೆ ಮುಂದಿನ ರೈಲುಗಳ ಬುಕಿಂಗ್ ತಾನಾಗಿ ಬದಲಾಗಲ್ಲ. ಅದಕ್ಕೇ ಪ್ರತಿ ಊರಲ್ಲೂ ಕನಿಷ್ಠ ಒಂದು ರಾತ್ರಿ ಬಿಡಿ.
• ಯಾವುದೇ ವಿಚಾರಣೆ, ದೂರು, ಸಹಾಯಕ್ಕೆ ರೈಲ್ವೆ ನಂಬರ್ 139.

ಯಾರಿಗೆ ಇದು ಬೇಡ?

ಕಾಶಿ ಒಂದಕ್ಕೇ ಹೋಗಿಬರುವವರಿಗೆ ಸರ್ಕ್ಯುಲರ್ ಟಿಕೆಟ್ ಅಗತ್ಯ ಇಲ್ಲ. ಸಾಮಾನ್ಯ ಟಿಕೆಟ್‌ನಲ್ಲೇ 500 ಕಿ.ಮೀ. ದಾಟಿದ ಮೇಲೆ ಒಂದು ಕಡೆ, 1,000 ಕಿ.ಮೀ. ಮೀರಿದ ಟಿಕೆಟ್ ಆದರೆ ಎರಡು ಕಡೆ, ಎರಡೆರಡು ದಿನ ಇಳಿದು ಉಳಿಯೋ ಅವಕಾಶ ಇದೆ. ಕೌಂಟರ್‌ನಲ್ಲಿ ಬುಕ್ ಮಾಡುವಾಗಲೇ ಬ್ರೇಕ್ ಜರ್ನಿ ಬೇಕು ಅಂತ ಹೇಳಿ, ಇಳಿದ ನಿಲ್ದಾಣದಲ್ಲಿ ಟಿಕೆಟ್ ಮೇಲೆ ಬರೆಸ್ಕೊಳ್ಳಿ.

ಊಟ, ವಸತಿ, ಭಾಷೆ ಯಾವ ಚಿಂತೆಯೂ ಬೇಡ ಅನ್ನುವವರಿಗೆ ಭಾರತ್ ಗೌರವ್ ಪ್ರವಾಸಿ ರೈಲುಗಳಿವೆ. ರಾಜ್ಯ ಸರ್ಕಾರದ ಮುಜರಾಯಿ ಇಲಾಖೆ ಸಹಾಯಧನದ ಕಾಶಿ ದರ್ಶನ ರೈಲು 2022ರ ನವೆಂಬರ್ 11ರಂದು ಬೆಂಗಳೂರಿನಿಂದ ಶುರುವಾಯಿತು. ಅಲ್ಲಿ ದಿನ, ಊರು, ಸಮಯ ಎಲ್ಲಾ ಅವರದೇ ತೀರ್ಮಾನ. ದಶಾಶ್ವಮೇಧ ಘಾಟ್‌ನಲ್ಲಿ ಇನ್ನೊಂದು ದಿನ ಕೂರೋಣ ಅನ್ನಿಸಿದ್ರೂ ರೈಲು ಕಾಯಲ್ಲ.

ತಮ್ಮ ಇಷ್ಟದ ಊರು, ತಮ್ಮ ಇಷ್ಟದ ದಿನ, ಆದರೆ ಕಡಿಮೆ ಖರ್ಚು ಅನ್ನುವವರಿಗೆ ಸರ್ಕ್ಯುಲರ್ ಟಿಕೆಟ್. ಅದಕ್ಕೆ ಕೇಳೋದು ಮೂರು ತಿಂಗಳ ಮುಂಚಿನ ತಯಾರಿ ಮತ್ತು ಕೌಂಟರ್ ಮುಂದೆ ನಿಲ್ಲೋ ತಾಳ್ಮೆ. ಬಾಯಲ್ಲಿ ‘ಸುತ್ತಾಡ್ಕೊಂಡು ಬರೋ ಟಿಕೆಟ್ ಕೊಡಿ’ ಅಂದ್ರೆ ಕೆಲಸ ಆಗಲ್ಲ. ಹಾಳೆಯಲ್ಲಿ ಊರು, ದಾರಿ, ದಿನ ಬರೆದುಕೊಂಡು ಹೋದವರ ಕೆಲಸ ಅರ್ಧ ಅಲ್ಲೇ ಮುಗಿದ ಹಾಗೆ.